ಫ್ಲಾಪಿಯಿಂದ ನಡೆಯುವ ಹಳೆಯ ಕಂಪ್ಯೂಟರ್: ಮೊದಲು ಡಿಸ್ಕ್ ಹೊರಗೆ, ಆಮೇಲೆ ಸ್ವಿಚ್

ಇವತ್ತಿನ ಕಂಪ್ಯೂಟರಿನಲ್ಲಿ ಶಟ್‌ಡೌನ್ ಒತ್ತಿ ಎದ್ದು ಹೋದರೂ ಉಳಿದದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಫ್ಲಾಪಿಯನ್ನೇ ನಂಬಿ ನಡೆಯುವ ಆಪಲ್ 2, ಕಮೊಡೋರ್ 64, ಐಬಿಎಂ ಪಿಸಿಯಂಥ ಯಂತ್ರಗಳಲ್ಲಿ ಶಟ್‌ಡೌನ್ ಅನ್ನುವುದೇ ಇಲ್ಲ. ಇರುವುದು ಒಂದು ಸ್ವಿಚ್, ಅದಕ್ಕೆ ಕರೆಂಟ್ ಕಡಿಯುವುದು ಮಾತ್ರ ಗೊತ್ತು. ಫೈಲ್ ಪೂರ್ತಿ ಬರೆದಾಯಿತೇ, ಮುಚ್ಚಿದೆಯೇ, ಓದಿ ಬರೆಯುವ ಹೆಡ್ಡಿನ ಕೆಳಗೆ ಇನ್ನೂ ಡಿಸ್ಕ್ ಇದೆಯೇ ಎಂದು ನೋಡಬೇಕಾದವರು ಮುಂದೆ ಕೂತವರು. 1983ರ ಆಪಲ್ ಲೀಸಾ ಇದಕ್ಕೆ ಅಪರೂಪದ ಅಪವಾದ: ಅದರ ಪವರ್ ಗುಂಡಿ ಒತ್ತಿದರೆ ತೆರೆದ ಕಾಗದಪತ್ರಗಳನ್ನು ಉಳಿಸಿ, ಫ್ಲಾಪಿಯನ್ನು ಹೊರಹಾಕಿ, ಆಮೇಲೆ ತಾನೇ ಆರುತ್ತಿತ್ತು. ಉಳಿದ ಯಂತ್ರಗಳಲ್ಲಿ ಆ ಕೆಲಸ ಕೈಯಿಂದಲೇ ಆಗಬೇಕು.

ಕ್ರಮ ಹೀಗಿದೆ, ಯಂತ್ರ ಯಾವುದೇ ಇರಲಿ:

1. ಕೆಲಸವನ್ನು ಡಿಸ್ಕಿಗೆ ಸೇವ್ ಮಾಡಿ, ಪ್ರೋಗ್ರಾಮಿನಿಂದ ಅದರದೇ ಆಜ್ಞೆಯ ಮೂಲಕ ಹೊರಬನ್ನಿ. ಪ್ರಾಂಪ್ಟ್ (ಆಜ್ಞೆಗಾಗಿ ಕಾಯುವ ಗುರುತು) ಅಥವಾ ಡೆಸ್ಕ್‌ಟಾಪ್ ಕಾಣಬೇಕು.
2. ರ‍್ಯಾಮ್ ಡಿಸ್ಕಿನಲ್ಲಿ (ಮೆಮೊರಿಯ ಒಂದು ಭಾಗವನ್ನೇ ಡಿಸ್ಕಿನಂತೆ ಬಳಸುವುದು) ಏನಾದರೂ ಇದ್ದರೆ ಫ್ಲಾಪಿಗೆ ಕಾಪಿ ಮಾಡಿ.
3. ಡ್ರೈವಿನ ಲೈಟ್ ಆರುವವರೆಗೂ ಕಾಯಿರಿ. ಆರಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ.
4. ಎಲ್ಲ ಡ್ರೈವುಗಳಿಂದಲೂ ಡಿಸ್ಕ್ ತೆಗೆದು ಕವರಿಗೆ ಹಾಕಿ.
5. ಈಗ ಕಂಪ್ಯೂಟರ್, ಹೊರಗಿನ ಡ್ರೈವ್, ಮಾನಿಟರ್, ಪ್ರಿಂಟರ್ ಆಫ್ ಮಾಡಿ.
6. ಗೋಡೆಯ ಸಾಕೆಟ್ಟಿನಿಂದ ಪ್ಲಗ್ ಕೀಳಿ.

ಐದನೆಯದರಲ್ಲಿ ಯಾವುದು ಮೊದಲು ಎಂಬ ವಾದ ಮುಗಿಯುವುದೇ ಇಲ್ಲ. ನಾಲ್ಕನೆಯದು ಸರಿಯಾಗಿ ಆಗಿದ್ದರೆ ಆ ಪ್ರಶ್ನೆಗೆ ಹೆಚ್ಚು ಬೆಲೆಯಿಲ್ಲ. ಡಿಸ್ಕ್ ಒಳಗೇ ಇದ್ದರೆ ಮಾತ್ರ ಕ್ರಮ ತಪ್ಪಿದ್ದಕ್ಕೆ ದಂಡ ತೆರಬೇಕಾಗುತ್ತದೆ.

ಡಿಸ್ಕ್ ಒಳಗಿದ್ದರೆ ಏನು ಕೆಡುತ್ತದೆ?

ಹಾರ್ಡ್ ಡಿಸ್ಕಿನಲ್ಲಿ ಹೆಡ್ ಗಾಳಿಯ ತೆಳು ಪದರದ ಮೇಲೆ ತೇಲುತ್ತದೆ. ಫ್ಲಾಪಿಯಲ್ಲಿ ಹಾಗಲ್ಲ, ಹೆಡ್ ಡಿಸ್ಕನ್ನು ಮುಟ್ಟಿಕೊಂಡೇ ಇರುತ್ತದೆ. ಬರೆಯುವ ಸುರುಳಿಗೆ ಕರೆಂಟ್ ಬಿಡಬೇಕೋ ಬೇಡವೋ ಎಂಬುದನ್ನು 'ರೈಟ್ ಗೇಟ್' ಎಂಬ ಒಂದೇ ತಂತಿ ತೀರ್ಮಾನಿಸುತ್ತದೆ, ಮತ್ತು ಸಾಮಾನ್ಯ ಡ್ರೈವಿನಲ್ಲಿ ಆ ತಂತಿಯ ವೋಲ್ಟೇಜ್ ಕೆಳಗಿಳಿದರೆ 'ಬರೆ' ಎಂದೇ ಅರ್ಥ. ಸ್ವಿಚ್ ಆಫ್ ಮಾಡಿದ ಗಳಿಗೆಯಲ್ಲಿ 5 ವೋಲ್ಟ್ ಮತ್ತು 12 ವೋಲ್ಟ್ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ತರ್ಕದ ಚಿಪ್ಪುಗಳು 5 ವೋಲ್ಟಿನ ಮೇಲೆ ನಡೆಯುತ್ತವೆ; ಅದು ಅರ್ಧಕ್ಕೆ ಇಳಿದಾಗ ಅವುಗಳ ಮಾತಿಗೆ ಅರ್ಥವಿರುವುದಿಲ್ಲ. ಅದೇ ಹೊತ್ತಿನಲ್ಲಿ 12 ವೋಲ್ಟಿನ ಕಡೆ ಇನ್ನೂ ಶಕ್ತಿ ಉಳಿದಿದ್ದರೆ ಹೆಡ್ಡಿಗೆ ಒಂದು ಕ್ಷಣ ಕರೆಂಟ್ ಹರಿದು, ಅದರ ಕೆಳಗಿರುವ ತುಣುಕು ಅಳಿಸಿಹೋಗುತ್ತದೆ. ಆನ್ ಮಾಡುವಾಗ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ. ಇದನ್ನು ತಡೆಯಲು ವೋಲ್ಟೇಜ್ ಕಾಯುವ ಸರ್ಕ್ಯೂಟ್ ಇರುವ ಡ್ರೈವುಗಳಿವೆ. ಆದರೆ ನಲವತ್ತು ವರ್ಷ ಹಳೆಯ ಕೆಪಾಸಿಟರುಗಳನ್ನು ನಂಬಿ ಇರುವ ಒಂದೇ ಡಿಸ್ಕನ್ನು ಪಣಕ್ಕಿಡುವುದು ಬೇಡ.

ಅಳಿಯುವುದು ಕೆಲವೇ ಬೈಟ್ ಇರಬಹುದು. ಎಲ್ಲಿ ಎನ್ನುವುದೇ ಮುಖ್ಯ. ಕೆಲಸ ಮುಗಿಸಿದ ಡ್ರೈವಿನ ಹೆಡ್ ಬಹಳ ಸಲ ಫೈಲುಗಳ ಪಟ್ಟಿ, ಅಂದರೆ ಡೈರೆಕ್ಟರಿ ಇರುವ ಟ್ರ್ಯಾಕಿನ ಮೇಲೇ ನಿಂತಿರುತ್ತದೆ, ಏಕೆಂದರೆ ಫೈಲ್ ಮುಚ್ಚುವಾಗ ಕೊನೆಗೆ ಬರೆಯುವುದು ಅಲ್ಲಿಯೇ. ಒಂದು ಪತ್ರದ ನಡುವಿನ ಸೆಕ್ಟರ್ ಹೋದರೆ ಒಂದು ಪತ್ರ ಹೋಯಿತು. ಡೈರೆಕ್ಟರಿ ಸೆಕ್ಟರ್ ಹೋದರೆ ಅದರಲ್ಲಿ ಪಟ್ಟಿಯಾದ ಫೈಲುಗಳಿಗೆಲ್ಲ ಹೆಸರಿಲ್ಲದಂತಾಗುತ್ತದೆ.

5.25 ಇಂಚಿನ ಡ್ರೈವಿನಲ್ಲಿ ಲಿವರ್ ತಿರುಗಿಸಿದಾಗ ಅಥವಾ ಬಾಗಿಲು ಎತ್ತಿದಾಗ ಹೆಡ್ಡಿನ ಒತ್ತಡ ಬಿಡುತ್ತದೆ, ಡಿಸ್ಕನ್ನು ಹಿಡಿದ ನಡುವಿನ ಕೋನ್ ಮೇಲೇಳುತ್ತದೆ. ಬೆರಳಿಗೆ ಆ ಸಡಿಲಿಕೆ ಗೊತ್ತಾಗುತ್ತದೆ: ಮೊದಲು ಸ್ಪ್ರಿಂಗಿನ ಬಿಗಿ, ಆಮೇಲೆ ಒಂದು ಮೆತ್ತನೆಯ 'ಟಪ್'. ಅದಾದ ಮೇಲೆ ಡಿಸ್ಕ್ ಸ್ಲಾಟಿನಲ್ಲೇ ಉಳಿದರೂ ಅಪಾಯ ಬಹುಪಾಲು ಮುಗಿದಂತೆ. ಆದರೂ ಪೂರ್ತಿ ಹೊರಗೆ ತೆಗೆಯುವುದನ್ನೇ ರೂಢಿ ಮಾಡಿಕೊಳ್ಳಿ. ಅರ್ಧ ಹೊರಗಿರುವ ಡಿಸ್ಕಿಗೆ ಕೈ ತಗಲಿ ಅದು ಒಳಗೆ ಸರಿಯಲು ಎಷ್ಟು ಹೊತ್ತು ಬೇಕು?

ಬೂಟ್ ಡಿಸ್ಕಿಗೆ ಬರೆಯುವ ಅಗತ್ಯ ಇಲ್ಲದಿದ್ದರೆ ರೈಟ್ ಪ್ರೊಟೆಕ್ಟ್ ಹಾಕಿಡಿ. 5.25 ಇಂಚಿನದರಲ್ಲಿ ಪಕ್ಕದ ಚೌಕ ಕಡಿತಕ್ಕೆ ಸ್ಟಿಕ್ಕರ್ ಅಂಟಿಸಿದರೆ ಬರೆಯಲಾಗದು. 3.5 ಇಂಚಿನದರಲ್ಲಿ ಮೂಲೆಯ ಕಿಂಡಿ ತೆರೆದಿದ್ದರೆ ಬರೆಯಲಾಗದು. 8 ಇಂಚಿನ ಡಿಸ್ಕಿನಲ್ಲಿ ಮಾತ್ರ ಲೆಕ್ಕ ಉಲ್ಟಾ: ಕಡಿತ ಮುಚ್ಚಿದರೆ ಬರೆಯಬಹುದು, ತೆರೆದಿದ್ದರೆ ಬರೆಯಲಾಗದು. ಈ ತಡೆ ಡ್ರೈವಿನ ಸರ್ಕ್ಯೂಟಿನಲ್ಲೇ ಇದೆ, ಹಾಗಾಗಿ ಹಾದಿ ತಪ್ಪಿದ ಪ್ರೋಗ್ರಾಮ್ ಅದನ್ನು ದಾಟಲಾರದು. ವೋಲ್ಟೇಜ್ ಇಳಿಯುವ ಹೊತ್ತಿನಲ್ಲಿ ಆ ಸರ್ಕ್ಯೂಟನ್ನೂ ಪೂರ್ತಿ ನಂಬುವ ಹಾಗಿಲ್ಲ.

ಸೇವ್ ಆದದ್ದು ಬೇರೆ, ಮುಚ್ಚಿದ್ದು ಬೇರೆ

ಅತಿ ಹೆಚ್ಚು ಫೈಲುಗಳು ಹಾಳಾಗುವುದು ಇಲ್ಲಿ. ಪ್ರೋಗ್ರಾಮ್ ಡಿಸ್ಕಿಗೆ ಬರೆಯುವಾಗ ಅಕ್ಷರಗಳು ಒಂದೊಂದಾಗಿ ಹೋಗುವುದಿಲ್ಲ. ಮೆಮೊರಿಯಲ್ಲಿ ಅವು ಕಾಯುವ ಜಾಗ, ಅಂದರೆ ಬಫರ್, ತುಂಬಿದ ಮೇಲೆ ಒಂದು ಸೆಕ್ಟರ್ ಹೋಗುತ್ತದೆ. ಕೊನೆಯ ಅರೆತುಂಬಿದ ಬಫರ್ ಮತ್ತು 'ಈ ಫೈಲ್ ಇಷ್ಟು ಉದ್ದ, ಇಲ್ಲಿಂದ ಶುರು' ಎಂಬ ಡೈರೆಕ್ಟರಿ ವಿವರ ಬರೆಯಲ್ಪಡುವುದು ಫೈಲ್ ಕ್ಲೋಸ್ ಆದಾಗ. ಅದಕ್ಕೆ ಮೊದಲೇ ಸ್ವಿಚ್ ಒತ್ತಿದರೆ ಬರೆದದ್ದರಲ್ಲಿ ಬಹುಪಾಲು ಡಿಸ್ಕಿನ ಮೇಲೆ ಇರುತ್ತದೆ, ಅದು ಎಲ್ಲಿದೆ ಎಂದು ಹೇಳುವವರು ಇರುವುದಿಲ್ಲ.

ಎಂಎಸ್-ಡಾಸ್‌ನಲ್ಲಿ ಇದು 0 ಬೈಟಿನ ಫೈಲಾಗಿ ಕಾಣಿಸುತ್ತದೆ. ಡಿಸ್ಕಿನ ಜಾಗದ ಲೆಕ್ಕ ಇಡುವ ಫ್ಯಾಟ್ ಕೋಷ್ಟಕದಲ್ಲಿ ಜಾಗ ಗುರುತಾಗಿದೆ, ಡೈರೆಕ್ಟರಿಗೆ ಅದರ ಸುದ್ದಿ ಮುಟ್ಟಿಲ್ಲ. ಚೆಕ್‌ಡಿಸ್ಕ್ ಆಜ್ಞೆಯನ್ನು '/ಎಫ್' ಜೊತೆ ಕೊಟ್ಟರೆ ಹೀಗೆ ದಿಕ್ಕಿಲ್ಲದೆ ಉಳಿದ ಕ್ಲಸ್ಟರುಗಳನ್ನು ಕೂಡಿಸಿ 'ಫೈಲ್0000.ಸಿಎಚ್‌ಕೆ' ಎಂಬಂಥ ಹೆಸರಿನಲ್ಲಿ ಕೊಡುತ್ತದೆ. ಬರಿ ಅಕ್ಷರಗಳ ಫೈಲಾದರೆ ಇದರಿಂದ ಬಹಳಷ್ಟು ಮರಳಿ ಸಿಗುತ್ತದೆ. '/ಎಫ್' ಹಾಕುವ ಮೊದಲು ಡಿಸ್ಕಿನ ಪೂರ್ತಿ ಪ್ರತಿ ತೆಗೆದು, ರಿಪೇರಿಯನ್ನು ಪ್ರತಿಯ ಮೇಲೆ ಮಾಡಿ.

ಸಿಪಿ/ಎಂ 2.2 ಎಂಬ ಹಳೆಯ ಆಪರೇಟಿಂಗ್ ಸಿಸ್ಟಮಿನಲ್ಲಿ ಡೈರೆಕ್ಟರಿ ವಿವರ ಬರೆಯುವುದು ಫೈಲ್ ಮುಚ್ಚಿದಾಗ, ಇಲ್ಲವೇ 16 ಕಿಲೋಬೈಟಿನ ಒಂದು ಎಕ್ಸ್‌ಟೆಂಟ್ ತುಂಬಿದಾಗ. ವರ್ಡ್‌ಸ್ಟಾರ್ ಎಂಬ ಬರವಣಿಗೆಯ ಪ್ರೋಗ್ರಾಮ್ ಬಳಸುವವರು ಕಂಟ್ರೋಲ್-ಕೆ-ಡಿ ಒತ್ತಿ ಸೇವ್ ಮಾಡಿ ಮೊದಲ ಮೆನುವಿಗೆ ಬಂದು ಎಕ್ಸ್ ಒತ್ತಲಿ. ಅಥವಾ ಕಂಟ್ರೋಲ್-ಕೆ-ಎಕ್ಸ್ ಒತ್ತಿ ನೇರವಾಗಿ ಹೊರಬರಲಿ. ಕಂಟ್ರೋಲ್-ಕೆ-ಎಸ್ ಸೇವ್ ಮಾಡಿದರೂ ಫೈಲಿನೊಳಗೇ ಬಿಡುತ್ತದೆ, ಅಲ್ಲಿಂದ ಸ್ವಿಚ್ಚಿಗೆ ಕೈಹಾಕಬೇಡಿ. ಎ ಪ್ರಾಂಪ್ಟ್ ಬಂದ ಮೇಲೆ ಒಮ್ಮೆ ಕಂಟ್ರೋಲ್-ಸಿ ಒತ್ತಿದರೆ ಯಂತ್ರ ವಾರ್ಮ್ ಬೂಟ್ ಆಗುತ್ತದೆ, ಅಂದರೆ ಕರೆಂಟ್ ಹೋಗದೆಯೇ ಮತ್ತೆ ಶುರುವಾಗುತ್ತದೆ. ಲೈಟ್ ಹತ್ತಿ ಆರಿ ಪ್ರಾಂಪ್ಟ್ ಮತ್ತೆ ಬಂತೆಂದರೆ ಡ್ರೈವಿನ ಕಡೆ ಬಾಕಿ ಏನೂ ಇಲ್ಲ.

ಬೇಸಿಕ್‌ನಲ್ಲಿ ಬರೆದ ಪ್ರೋಗ್ರಾಮ್ ನಡುವೆ ಎಡವಿ ನಿಂತಾಗ ಫೈಲ್ ತೆರೆದೇ ಇರುತ್ತದೆ, ಪರದೆಯ ಮೇಲೆ ಮಾತ್ರ ಏನೂ ಆಗದಂತೆ ಪ್ರಾಂಪ್ಟ್ ಮಿಣುಕುತ್ತಿರುತ್ತದೆ. ಬಿಬಿಸಿ ಮೈಕ್ರೋದಲ್ಲಿ 'ಕ್ಲೋಸ್#0' ಎಂದು ಟೈಪ್ ಮಾಡಿದರೆ ತೆರೆದ ಎಲ್ಲ ಫೈಲುಗಳೂ ಮುಚ್ಚುತ್ತವೆ. ಆಪಲ್ 2ರ ಡಾಸ್ 3.3ರಲ್ಲಿ ಬರಿ 'ಕ್ಲೋಸ್' ಸಾಕು. ಪ್ರಾಂಪ್ಟಿನಲ್ಲಿ ಇದನ್ನು ಒಮ್ಮೆ ಕೊಟ್ಟೇ ಆಫ್ ಮಾಡುವುದು ಒಳ್ಳೆಯ ರೂಢಿ. ಏನೂ ತೆರೆದಿಲ್ಲದಿದ್ದರೆ ನಷ್ಟವೇನೂ ಇಲ್ಲ.

ಕಮೊಡೋರ್ 64 ಮತ್ತು 1541 ಡ್ರೈವ್

1541ರ ಒಳಗೆ ಅದರದೇ 6502 ಪ್ರೊಸೆಸರ್, ಅದರದೇ ಮೆಮೊರಿ, ಅದರದೇ ಪವರ್ ಸಪ್ಲೈ ಇದೆ. ಫೈಲುಗಳ ಲೆಕ್ಕ ಇಡುವುದು ಡ್ರೈವೇ, ಕಂಪ್ಯೂಟರ್ ಅಲ್ಲ. ಆದ್ದರಿಂದ ಬೇಸಿಕ್ ತನ್ನ ಪಟ್ಟಿಯನ್ನು ಮರೆತರೂ ಡ್ರೈವ್ ಫೈಲನ್ನು ತೆರೆದೇ ಇಟ್ಟಿರುತ್ತದೆ, ಕೆಂಪು ಲೈಟ್ ಉರಿಯುತ್ತಲೇ ಇರುತ್ತದೆ. ಡಿಸ್ಕ್ ತಿರುಗುವ ಸದ್ದು ನಿಂತಿದೆ, ಲೈಟ್ ಮಾತ್ರ ಸ್ಥಿರವಾಗಿ ಹತ್ತಿದೆ ಎಂದರೆ ಅರ್ಥ ಇದೇ. ಆಗ ಹೀಗೆ ಟೈಪ್ ಮಾಡಿ:

ಓಪನ್ 15,8,15:ಕ್ಲೋಸ್ 15

15ನೇ ಚಾನೆಲ್ ಮುಚ್ಚಿದಾಗ ಡ್ರೈವ್ ತನ್ನಲ್ಲಿ ತೆರೆದಿರುವ ಉಳಿದ ಫೈಲುಗಳನ್ನೂ ಮುಚ್ಚುತ್ತದೆ, ಲೈಟ್ ಆರುತ್ತದೆ. ಲೈಟ್ ಮಿಣುಕುತ್ತಿದ್ದರೆ ಅದು ಬೇರೆ ಮಾತು. ಅದು ದೋಷದ ಸೂಚನೆ, ಡಿಸ್ಕ್ ತುಂಬಿರಬಹುದು, ಸೇವ್ ಆಗದೇ ಇರಬಹುದು. ಮೆಮೊರಿಯಲ್ಲಿರುವ ಕೆಲಸವನ್ನು ಇನ್ನೊಂದು ಡಿಸ್ಕಿಗೆ ಸೇವ್ ಮಾಡುವವರೆಗೂ ಆಫ್ ಮಾಡಬೇಡಿ.

ಮುಚ್ಚದೆ ಉಳಿದ ಫೈಲ್ ಡೈರೆಕ್ಟರಿಯಲ್ಲಿ ತನ್ನ ಬಗೆಯ ಹೆಸರಿನ ಮುಂದೆ ನಕ್ಷತ್ರದ ಗುರುತು ಹೊತ್ತು ನಿಲ್ಲುತ್ತದೆ. ಅದನ್ನು ಸ್ಕ್ರ್ಯಾಚ್ ಆಜ್ಞೆಯಿಂದ ಅಳಿಸಬಾರದು. ಅದರ ಬ್ಲಾಕುಗಳ ಸರಪಳಿಗೆ ಸರಿಯಾದ ಕೊನೆಯಿಲ್ಲ, ಅಳಿಸುತ್ತ ಹೋದ ಡ್ರೈವ್ ಬೇರೆ ಫೈಲಿನ ಬ್ಲಾಕುಗಳನ್ನೂ ಖಾಲಿಯೆಂದು ಗುರುತಿಸಿಬಿಡಬಹುದು. ಸೀಕ್ವೆನ್ಷಿಯಲ್ ಫೈಲಾದರೆ (ಡೈರೆಕ್ಟರಿಯಲ್ಲಿ 'ಎಸ್‌ಇಕ್ಯು' ಎಂದಿರುವುದು) ಹೆಸರಿನ ಕೊನೆಗೆ ',ಎಸ್,ಎಂ' ಸೇರಿಸಿ ತೆರೆದು, ಓದಲು ಸಿಕ್ಕಷ್ಟನ್ನು ಇನ್ನೊಂದು ಡಿಸ್ಕಿಗೆ ಉಳಿಸಿಕೊಳ್ಳಿ. ಅನಂತರ ವ್ಯಾಲಿಡೇಟ್ ಕೊಡಿ:

ಓಪನ್ 15,8,15,"ವಿ0":ಕ್ಲೋಸ್ 15

ಇದು ನಕ್ಷತ್ರದ ಫೈಲನ್ನು ತೆಗೆದುಹಾಕಿ ಖಾಲಿ ಬ್ಲಾಕುಗಳ ಲೆಕ್ಕ ಹೊಸದಾಗಿ ಮಾಡುತ್ತದೆ. ಜಿಯೋಸ್ (ಕಮೊಡೋರಿಗೆ ಮೌಸ್, ಕಿಟಕಿಗಳನ್ನು ತಂದ ಆಪರೇಟಿಂಗ್ ಸಿಸ್ಟಮ್) ಡಿಸ್ಕಿನ ಮೇಲೆ ಮಾತ್ರ ಇದನ್ನು ಎಂದೂ ಪ್ರಯೋಗಿಸಬೇಡಿ. ಅಲ್ಲಿನ ಹಲವು ಫೈಲುಗಳ ಜೋಡಣೆ ಡ್ರೈವಿಗೆ ಅರ್ಥವಾಗದೆ, ಬಳಕೆಯಲ್ಲಿರುವ ಬ್ಲಾಕುಗಳೂ ಖಾಲಿ ಪಟ್ಟಿಗೆ ಸೇರುತ್ತವೆ.

ಇನ್ನೊಂದು ವಿಷಯ: ಕಮೊಡೋರ್ 64ರ ಸ್ವಿಚ್ ಇರುವುದು ಕಂಪ್ಯೂಟರಿನ ಮೇಲೆ, ನೆಲದ ಮೇಲಿನ ಪವರ್ ಇಟ್ಟಿಗೆಯ ಮೇಲಲ್ಲ. ಕಂಪ್ಯೂಟರ್ ಆಫ್ ಆದರೂ ಇಟ್ಟಿಗೆ ಬೆಚ್ಚಗೇ ಇರುತ್ತದೆ. ಮೂಲದ ಇಟ್ಟಿಗೆಗಳಲ್ಲಿ 5 ವೋಲ್ಟಿನ ರೆಗ್ಯುಲೇಟರ್ ಕೆಟ್ಟರೆ ವೋಲ್ಟೇಜ್ ಏರಿ ಮೆಮೊರಿ ಚಿಪ್ಪುಗಳನ್ನು ಸುಡುತ್ತದೆ. ಅದಕ್ಕೇ ಪ್ಲಗ್ ಕೀಳುವುದು ಕಡ್ಡಾಯ. ಸೀರಿಯಲ್ ಕೇಬಲ್ಲನ್ನು ಎರಡೂ ಕಡೆ ಆಫ್ ಆದ ಮೇಲೆಯೇ ಬಿಚ್ಚಿ.

ಆಪಲ್ 2 ಮತ್ತು ಐಬಿಎಂ ಪಿಸಿ

1978ರ ಡಿಸ್ಕ್ 2 ಡ್ರೈವಿನ ಕಂಟ್ರೋಲರ್, 'ನಿಲ್ಲು' ಎಂದ ಮೇಲೂ ಮೋಟಾರನ್ನು ಸುಮಾರು ಒಂದು ಸೆಕೆಂಡ್ ಓಡಿಸುತ್ತದೆ. ಪಿಸಿಯೊಳಗೇ ಇರುವ ಮೂಲ ಪ್ರೋಗ್ರಾಮ್ ಬಯಾಸ್ ತನ್ನ ಗಡಿಯಾರದ 37 ಟಿಕ್, ಅಂದರೆ ಸುಮಾರು ಎರಡು ಸೆಕೆಂಡ್ ಕಾಯುತ್ತದೆ. ಮತ್ತೆ ಓದಬೇಕಾದರೆ ಡಿಸ್ಕ್ ವೇಗ ಪಡೆಯುವವರೆಗೆ ಕಾಯದಿರಲಿ ಎಂದು ಈ ಏರ್ಪಾಡು. ಈ ಸಮಯದಲ್ಲಿ ಬರವಣಿಗೆ ನಡೆಯುತ್ತಿಲ್ಲ ನಿಜ, ಆದರೆ ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಲೈಟ್.

ಆಪಲ್ 2ರಲ್ಲಿ ಡಿಸ್ಕ್ 2 ಕೇಬಲ್ ಬಿಚ್ಚುವ, ಕಾರ್ಡ್ ತೆಗೆಯುವ ಕೆಲಸ ಇದ್ದರೆ ಕರೆಂಟ್ ಪೂರ್ತಿ ಹೋಗಿರಬೇಕು. ಆಪಲ್ 2ಇ ಮದರ್‌ಬೋರ್ಡಿನ ಮೇಲೆ ಇದಕ್ಕಾಗಿಯೇ ಒಂದು ಕೆಂಪು ದೀಪ ಇಟ್ಟಿದ್ದಾರೆ, ಅದು ಆರಿದ ಮೇಲೆ ಕೈಹಾಕಿ. ಮರುಜೋಡಿಸುವಾಗ 20 ಪಿನ್ನಿನ ಕನೆಕ್ಟರ್ ಒಂದು ಸಾಲು ಪಕ್ಕಕ್ಕೆ ಸರಿದು ಕೂತರೆ, ಆನ್ ಮಾಡಿದ ಕೂಡಲೇ ಡ್ರೈವಿನ 74ಎಲ್‌ಎಸ್125 ಚಿಪ್ ಸುಡುತ್ತದೆ.

ಎರಡು ಫ್ಲಾಪಿಯ ಪಿಸಿಯಲ್ಲಿ ದೊಡ್ಡ ಪ್ರೋಗ್ರಾಮಿನಿಂದ ಹೊರಬಂದಾಗ 'ಕಮಾಂಡ್.ಕಾಮ್ ಇರುವ ಡಿಸ್ಕನ್ನು ಎ ಡ್ರೈವಿಗೆ ಹಾಕಿ' ಎಂಬ ಸಂದೇಶ ಬರುವುದುಂಟು. ಪ್ರೋಗ್ರಾಮ್ ಮುಗಿದು ಅದರ ಫೈಲುಗಳು ಮುಚ್ಚಿದ ಮೇಲೆಯೇ ಈ ಸಂದೇಶ ಬರುವುದು. ಆಫ್ ಮಾಡುವುದೇ ಉದ್ದೇಶವಾದರೆ ಡಿಸ್ಕ್ ಹುಡುಕಿ ತಂದು ಹಾಕಬೇಕಾಗಿಲ್ಲ. ಬಿ ಡ್ರೈವಿನ ಡಿಸ್ಕನ್ನೂ ತೆಗೆದು ಆಫ್ ಮಾಡಿ. ಯಂತ್ರದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಕೂಡ ಇದ್ದರೆ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಸರಿಸುವ ಪಾರ್ಕ್ ಆಜ್ಞೆ ಕೊನೆಯದಾಗಿ ಇರಲಿ. ಅದರ ನಂತರ ಬೇರೆ ಯಾವ ಆಜ್ಞೆಯನ್ನೂ ಕೊಡಬೇಡಿ.

ಮ್ಯಾಕಿಂಟಾಶ್

ಇಲ್ಲಿ ಡಿಸ್ಕ್ ತೆಗೆಯುವ ಗುಂಡಿಯೇ ಇಲ್ಲ, ಹೊರಹಾಕುವುದು ಮೋಟಾರ್. ಸ್ಪೆಷಲ್ ಮೆನುವಿನಲ್ಲಿ ಶಟ್ ಡೌನ್ ಇದ್ದರೆ ಅದನ್ನೇ ಬಳಸಿ: ಅದು ಡೈರೆಕ್ಟರಿ ಬರೆದು ಮುಗಿಸಿ ಡಿಸ್ಕುಗಳನ್ನು ಹೊರಹಾಕುತ್ತದೆ. ಅದಿಲ್ಲದ ಹಳೆಯ ಫೈಂಡರಿನಲ್ಲಿ (ಡೆಸ್ಕ್‌ಟಾಪ್ ತೋರಿಸುವ ಪ್ರೋಗ್ರಾಮ್) ಕಿಟಕಿಗಳನ್ನು ಮುಚ್ಚಿ, ಡಿಸ್ಕ್ ಆರಿಸಿ, ಕಮಾಂಡ್-ಇ ಒತ್ತಿ, ಡಿಸ್ಕ್ ಹೊರಬಂದ ಮೇಲೆ ಹಿಂಬದಿಯ ಸ್ವಿಚ್ ಆಫ್ ಮಾಡಿ. ಡಿಸ್ಕ್ ಒಳಗಿದ್ದಾಗಲೇ ಕರೆಂಟ್ ಹೋದರೆ, ಮುಂದಿನ ಸಲ ಮೌಸ್ ಗುಂಡಿಯನ್ನು ಒತ್ತಿ ಹಿಡಿದೇ ಆನ್ ಮಾಡಿ, ಡಿಸ್ಕ್ ಹೊರಬರುತ್ತದೆ.

ಹೊರಬರದಿದ್ದರೆ ಸ್ಲಾಟ್ ಪಕ್ಕದ ಸಣ್ಣ ತೂತಿಗೆ ನೇರ ಮಾಡಿದ ಪೇಪರ್ ಕ್ಲಿಪ್ ಹಾಕಿ ಒತ್ತಬೇಕು. ಇಲ್ಲಿ ಆತುರ ಬೇಡ. 800 ಕಿಲೋಬೈಟ್ ಡ್ರೈವುಗಳಲ್ಲಿ ಮೂಲದ ಗ್ರೀಸ್ ಗಟ್ಟಿಯಾಗಿ ಮೇಣದಂತಾಗಿರುತ್ತದೆ. ಒತ್ತಿದಾಗ ಡಿಸ್ಕ್ ಹಿಡಿದ ತಟ್ಟೆ ಪೂರ್ತಿ ಮೇಲೇಳದೆ ಅರ್ಧಕ್ಕೆ ನಿಲ್ಲುತ್ತದೆ, ಡಿಸ್ಕಿನ ಅಂಚು ಮಾತ್ರ ಕಾಣುತ್ತದೆ. ಆಗ ಹಿಡಿದು ಎಳೆದರೆ ಲೋಹದ ಷಟರ್ ಮೇಲಿನ ಹೆಡ್ಡಿಗೆ ಸಿಕ್ಕಿ ಹೆಡ್ ಕಿತ್ತುಬರುತ್ತದೆ, ಡ್ರೈವ್ ಅಲ್ಲಿಗೆ ಮುಗಿಯಿತು. ಕ್ಲಿಪ್ ಒತ್ತಿದಾಗ ಗಟ್ಟಿ ತಡೆ ಸಿಕ್ಕರೆ ನಿಲ್ಲಿಸಿ, ಡ್ರೈವ್ ಬಿಚ್ಚಿ ಹಳೆ ಗ್ರೀಸ್ ಕೆರೆದು ತೆಗೆಯಬೇಕು. ಮುಚ್ಚಳ ತೆಗೆಯುವ ಕೆಲಸ ಬಲ್ಲವರದು: ಪಿಕ್ಚರ್ ಟ್ಯೂಬಿನ ಹೈ ವೋಲ್ಟೇಜ್ ಪ್ಲಗ್ ಕಿತ್ತ ಮೇಲೂ ಬಹಳ ಹೊತ್ತು ಉಳಿದಿರುತ್ತದೆ.

ಅಮಿಗಾ ಮತ್ತು ಆಮ್‌ಸ್ಟ್ರಾಡ್ ಪಿಸಿಡಬ್ಲ್ಯು

ಅಮಿಗಾದಲ್ಲಿ ಸೇವ್ ಮುಗಿದು ಕಿಟಕಿ ಮುಚ್ಚಿದ ಮೇಲೂ ಡ್ರೈವಿನ ಕೆಲಸ ಬಾಕಿ ಇರುತ್ತದೆ. ಬರೆಯಲು ಶುರುಮಾಡಿದಾಗ ಅಮಿಗಾಡಾಸ್ ಎಂಬ ಅದರ ಆಪರೇಟಿಂಗ್ ಸಿಸ್ಟಮ್, ಖಾಲಿ ಜಾಗದ ಲೆಕ್ಕ ಇಡುವ ಡಿಸ್ಕಿನ ಬಿಟ್‌ಮ್ಯಾಪನ್ನು 'ಸದ್ಯಕ್ಕೆ ನಂಬಬೇಡಿ' ಎಂದು ಗುರುತಿಸುತ್ತದೆ. ಎಲ್ಲ ಮುಗಿದು ಸ್ವಲ್ಪ ಹೊತ್ತು ಬಿಟ್ಟು ಹೊಸ ಬಿಟ್‌ಮ್ಯಾಪ್ ಬರೆದು ಆ ಗುರುತನ್ನು ತೆಗೆಯುತ್ತದೆ. ಆ ನಡುವೆ ಡಿಸ್ಕ್ ಕಿತ್ತರೆ ಅಥವಾ ಕರೆಂಟ್ ಹೋದರೆ ಮುಂದಿನ ಸಲ ಡಿಸ್ಕನ್ನು ಪೂರ್ತಿ ಪರೀಕ್ಷಿಸಬೇಕಾಗುತ್ತದೆ, ಅದು ಸೋತರೆ ಡಿಸ್ಕಿಗೆ ಬರೆಯಲು ಬಿಡುವುದಿಲ್ಲ. ಐದು ಎಣಿಸಿ ಎಂದದ್ದು ಮುಖ್ಯವಾಗಿ ಇದಕ್ಕೇ. ಹಾಗಾದಾಗ ಡಿಸ್ಕ್‌ಡಾಕ್ಟರ್ ಎಂಬ ರಿಪೇರಿ ಪ್ರೋಗ್ರಾಮ್ ಓಡಿಸುವ ಆಸೆ ಬರುತ್ತದೆ. ಬೇಡ, ಅದು ಉಳಿದದ್ದನ್ನೂ ಕೆಡಿಸುವುದುಂಟು. ಓದಲು ಬರುವ ಫೈಲುಗಳನ್ನು ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ. ರ‍್ಯಾಮ್ ಡಿಸ್ಕ್ ಬರಿ ರೀಸೆಟ್ ಆದರೂ ಖಾಲಿಯಾಗುತ್ತದೆ. 'ರ‍್ಯಾಡ್' ಎಂಬ ಇನ್ನೊಂದು ಬಗೆಯ ರ‍್ಯಾಮ್ ಡಿಸ್ಕ್ ರೀಸೆಟ್ ತಡೆದುಕೊಳ್ಳುತ್ತದೆ, ಸ್ವಿಚ್ ಆಫ್ ತಡೆದುಕೊಳ್ಳುವುದಿಲ್ಲ.

ಪಿಸಿಡಬ್ಲ್ಯು ಯಂತ್ರದಲ್ಲಿ ಎಂ ಡ್ರೈವ್ ನಿಜವಾದ ಡ್ರೈವಿನ ಹಾಗೇ ಕಾಣುತ್ತದೆ, ಆದರೆ ಅದು ಬರಿ ಮೆಮೊರಿ. ಲೋಕೋಸ್ಕ್ರಿಪ್ಟ್‌ನಲ್ಲಿ ಬರೆದದ್ದು ಎಂ ಅಡಿಯಲ್ಲಿ ಇದ್ದರೆ ಎ ಡ್ರೈವಿಗೆ ಸಾಗಿಸಿದ ಮೇಲೆಯೇ ಏಳಿ.

ಲೈಟ್ ಆರದೇ ಇದ್ದರೆ, ಕರೆಂಟೇ ಹೋದರೆ

ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡು ಡ್ರೈವ್ ಸುಮ್ಮನೆ ತಿರುಗುತ್ತಿದ್ದರೆ ಕಿವಿಗೊಡಿ. ಹೆಡ್ ಹೆಜ್ಜೆ ಹಾಕುವ 'ಟಕ್ ಟಕ್' ಬರುತ್ತಿದ್ದರೆ ಅದು ಓದಲು ಮತ್ತೆ ಮತ್ತೆ ಯತ್ನಿಸುತ್ತಿದೆ, ಒಂದೆರಡು ನಿಮಿಷ ಬಿಡಿ. ಒಂದೇ ಸಮನೆ ತಿರುಗುವ ಸದ್ದು ಮಾತ್ರ ಇದ್ದರೆ ಎಸ್ಕೇಪ್ ಅಥವಾ ಕಂಟ್ರೋಲ್-ಸಿ ಒತ್ತಿ ನೋಡಿ, ಆಗದಿದ್ದರೆ ರೀಸೆಟ್ ಮಾಡಿ: ಆಪಲ್ 2ರಲ್ಲಿ ಕಂಟ್ರೋಲ್-ರೀಸೆಟ್, ಪಿಸಿಯಲ್ಲಿ ಕಂಟ್ರೋಲ್-ಆಲ್ಟ್-ಡೆಲ್, ಅಮಿಗಾದಲ್ಲಿ ಕಂಟ್ರೋಲ್ ಜೊತೆ ಎರಡೂ ಅಮಿಗಾ ಕೀಗಳು. ಮೆಮೊರಿಯಲ್ಲಿದ್ದದ್ದು ಹೋಗಬಹುದು, ಆದರೆ ರೀಸೆಟ್‌ನಲ್ಲಿ ವೋಲ್ಟೇಜ್ ಕದಲುವುದಿಲ್ಲ. ಡಿಸ್ಕಿನ ಪಾಲಿಗೆ ಸ್ವಿಚ್ ಆಫ್‌ಗಿಂತ ಅದು ಎಷ್ಟೋ ಮೇಲು. ಅದಕ್ಕೂ ಬಗ್ಗದಿದ್ದರೆ ತಿರುಗುತ್ತಿರುವಾಗಲೇ ಲಿವರ್ ತೆರೆದು ಡಿಸ್ಕ್ ತೆಗೆಯಿರಿ, ಆಮೇಲೆ ಆಫ್ ಮಾಡಿ.

ಕೆಲಸದ ನಡುವೆ ಕರೆಂಟ್ ಹೋದರೆ ಮೊದಲು ಸ್ವಿಚ್ ಆಫ್ ಮಾಡಿ, ಕೂಡಲೇ ಡಿಸ್ಕ್ ತೆಗೆಯಿರಿ. ಹೋದದ್ದು ಹೋಯಿತು, ಮರಳಿ ಬರುವಾಗ ಕರೆಂಟ್ ಎರಡು ಮೂರು ಸಲ ಹತ್ತಿ ಆರುವುದುಂಟು, ಪ್ರತಿ ಸಲವೂ ಡಿಸ್ಕಿಗೆ ಹೊಸ ಅಪಾಯ.

ಆಫ್ ಆದ ಮೇಲೆ

ಮತ್ತೆ ಆನ್ ಮಾಡಬೇಕಾದರೆ ಕನಿಷ್ಠ 15 ಸೆಕೆಂಡ್ ಬಿಡಿ. ಕೆಪಾಸಿಟರುಗಳಲ್ಲಿ ಅರೆಬರೆ ವೋಲ್ಟೇಜ್ ಉಳಿದಿರುವಾಗ ಆನ್ ಮಾಡಿದರೆ ರೀಸೆಟ್ ಸರಿಯಾಗಿ ಆಗದೆ ಯಂತ್ರ ಅಡ್ಡಾದಿಡ್ಡಿ ಏಳುತ್ತದೆ.

ಆಪಲ್ 2ಇ, ಬಿಬಿಸಿ ಮೈಕ್ರೋಗಳ ಪವರ್ ಸಪ್ಲೈಯಲ್ಲಿರುವ ರಿಫಾ ಫಿಲ್ಟರ್ ಕೆಪಾಸಿಟರುಗಳ ಪಾರದರ್ಶಕ ಕವಚ ವಯಸ್ಸಾದಂತೆ ಬಿರುಕು ಬಿಟ್ಟು, ತೇವ ಎಳೆದು, ಒಂದು ದಿನ ಗಾಟು ಹೊಗೆಯೊಂದಿಗೆ ಸಿಡಿಯುತ್ತವೆ. ಅದು ಸ್ವಿಚ್ಚಿಗಿಂತ ಮುಂಚಿನ ತಂತಿಯಲ್ಲಿದ್ದರೆ ಆಫ್ ಮಾಡಿದ ಮೇಲೂ ಮೇನ್ಸ್ ವೋಲ್ಟೇಜ್ ಅದರ ಮೇಲೆ ಇದ್ದೇ ಇರುತ್ತದೆ. ಪ್ಲಗ್ ಕೀಳಲು ಇದು ಎರಡನೇ ಕಾರಣ.

ಯಂತ್ರ ತಣ್ಣಗಾದ ಮೇಲೆ ಧೂಳಿನ ಹೊದಿಕೆ ಹಾಕಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಮ್ಯಾಕ್ ಪ್ಲಸ್‌ನ ಹಿಂಬದಿಯ ಬ್ಯಾಟರಿ ತೆಗೆಯಿರಿ. ಅಮಿಗಾ 500ರ ಮೆಮೊರಿ ವಿಸ್ತರಣೆ ಬೋರ್ಡಿನ ಮತ್ತು ಅಮಿಗಾ 2000ದ ಮದರ್‌ಬೋರ್ಡಿನ ನಿಕೆಲ್-ಕ್ಯಾಡ್ಮಿಯಮ್ ಬ್ಯಾಟರಿಯನ್ನು ಬೆಸುಗೆ ಬಿಡಿಸಿ ತೆಗೆಯಿಸಿ. ಸೋರಿದರೆ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಸಾಗಿಸುವುದಿದ್ದರೆ 5.25 ಇಂಚಿನ ಡ್ರೈವಿಗೆ ಅದರ ರಟ್ಟಿನ ಹಾಳೆ ಹಾಕಿ ಲಿವರ್ ಮುಚ್ಚಿ. ರಟ್ಟು ಸಿಗದಿದ್ದರೆ ಕೆಲಸಕ್ಕೆ ಬಾರದ ಒಂದು ಡಿಸ್ಕ್ ಸಾಕು. ಮುಂದಿನ ಸಲ ಆನ್ ಮಾಡುವ ಮೊದಲು ಅದನ್ನು ತೆಗೆಯಲು ನೆನಪಾಗುವಂತೆ ಡ್ರೈವಿನ ಬಾಯಿಗೆ ಒಂದು ಚೀಟಿ ಅಂಟಿಸಿ.